ಭಾರ ಬಿಡುವ ಪಟ್ಟು

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಬೀದಿಗಳು ಬಿಕೋ ಅನ್ನುತ್ತವೆ. ಕೈಕಾಲು ಗಟ್ಟಿ ಇದ್ದವರೆಲ್ಲ ಹೊಲದಲ್ಲಿರುತ್ತಾರೆ, ಇಲ್ಲವೇ ಸೊಪ್ಪು ಬೇಯಿಸುವ ಬ್ಯಾರನ್ನುಗಳ ಹತ್ತಿರ ಇರುತ್ತಾರೆ. ಮನೆಯಲ್ಲಿ ಉಳಿಯುವವರು ವಯಸ್ಸಾದವರು, ಬಾಣಂತಿಯರು, ಕಟ್ಟಿ ಹಾಕಿದ ನಾಯಿಗಳು. ಅಂಥ ಒಂದು ಬೆಳಗ್ಗೆ ನಂಜಯ್ಯ ಬಚ್ಚಲ ಬಾಗಿಲಲ್ಲಿ ಬಿದ್ದ.

ಅವನ ಹೆಂಡತಿ ಮಲ್ಲಾಜಮ್ಮ ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಓಡಿ ಬಂದಳು. ಕಂಕುಳಿಗೆ ಕೈ ಕೊಟ್ಟು ಎಳೆದಳು, ಸೊಂಟ ತಬ್ಬಿ ಎಳೆದಳು, ಕೊನೆಗೆ ಗೋಡೆಗೆ ಕಾಲು ಒತ್ತಿ ಎಳೆದಳು. ಅವನು ಒಂದು ಗೇಣೂ ಮೇಲಕ್ಕೆ ಬರಲಿಲ್ಲ. ಅಷ್ಟರಲ್ಲಿ ಹಾಲು ಸೀದು ಮನೆ ತುಂಬ ಕಮಟು ಹರಡಿತು. ಅವಳು ಹೋಗಿ ಒಲೆ ಆರಿಸಿ ಬಂದು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಯಲ್ಲಿ ಯಾರಾದರೂ ಹೋದಾರೇನೋ ಎಂದು ಕೂಗುತ್ತ ಕೂತಳು. ಬುತ್ತಿ ಒಯ್ಯಲು ಮನೆಗೆ ಬಂದ ಕಂಠಪ್ಪನ ಕಿವಿಗೆ ಆ ಕೂಗು ಬೀಳುವ ಹೊತ್ತಿಗೆ ಬಿಸಿಲು ಅಂಗಳ ದಾಟಿತ್ತು. ನಂಜಯ್ಯನ ಪಂಚೆ ಒದ್ದೆಯಾಗಿತ್ತು. ಮಲ್ಲಾಜಮ್ಮನ ಗಂಟಲು ಕಟ್ಟಿಹೋಗಿತ್ತು.

ಕಂಠಪ್ಪ ಪಕ್ಕದ ಮನೆಯವನು, ಒಂದು ಕಾಲದಲ್ಲಿ ನಂಜಯ್ಯನ ಗರಡಿಯಲ್ಲಿ ಕುಸ್ತಿ ಕಲಿತ ಶಿಷ್ಯ. ಬ್ಯಾರನ್ನಿನಿಂದ ಇನ್ನೊಬ್ಬ ಆಳನ್ನು ಕರೆತಂದು, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು.

"ನಮ್ ಉಸ್ತಾದ್ರು ಈಗ್ಲೂವೆ ಏನ್ ಭಾರ ಕಣವ್ವ," ಎಂದು ಕಂಠಪ್ಪ ಬೆವರು ಒರೆಸಿಕೊಂಡು ನಗಿಸಲು ನೋಡಿದ. "ಪಿರಿಯಾಪಟ್ಣದ ಪೈಲ್ವಾನ್ರೇ ಇವ್ರನ್ನ ಅಲ್ಲಾಡ್ಸಕಾಗ್ದೆ ಕೈ ಮುಗ್ದು ಒಂಟೋದ್ರು. ನೀನೆಲ್ಲಿ ಎತ್ತೀಯೆ, ಬುಡು."

ನಂಜಯ್ಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಕಂಠಪ್ಪ ಹೇಳಿದ್ದು ಸುಳ್ಳೇನೂ ಅಲ್ಲ. ನಂಜಯ್ಯ ಸುತ್ತಲ ತಾಲ್ಲೂಕುಗಳಲ್ಲಿ ಹೆಸರು ಮಾಡಿದ್ದೇ ಒಂದು ಪಟ್ಟಿನಿಂದ. ಭಾರ ಬಿಡೋದು ಅಂತ ಅದಕ್ಕೆ ಹೆಸರು. ಎದುರಾಳಿ ಸೊಂಟಕ್ಕೆ ಕೈ ಹಾಕಿ ಎತ್ತಲು ನೋಡಿದ ಕೂಡಲೇ ಇವನು ಉಸಿರನ್ನೆಲ್ಲ ಹೊರಗೆ ಬಿಟ್ಟು, ಹೊಟ್ಟೆ ಸಡಿಲಿಸಿ, ಸೊಂಟವನ್ನು ಕೆಳಕ್ಕೆ ಇಳಿಸಿಬಿಡುತ್ತಿದ್ದ. ಆಮೇಲೆ ಎತ್ತುವವನಿಗೆ ನೆನೆದ ಭತ್ತದ ಮೂಟೆಯನ್ನು ತಬ್ಬಿಕೊಂಡ ಹಾಗಾಗುತ್ತಿತ್ತು. ಕೆ.ಆರ್. ನಗರದಲ್ಲಿ, ಎಚ್.ಡಿ. ಕೋಟೆಯಲ್ಲಿ, ಎಲ್ಲಿ ಕುಸ್ತಿ ಏರ್ಪಾಡಾದರೂ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರು ಕಡಿಮೆ.

ಯುಗಾದಿಗೆ ಮುಂಚೆ ಲಕ್ವ ಹೊಡೆದು ಆ ಮೈಯ ಬಲಭಾಗ ಸತ್ತುಹೋಯಿತು. ನಾಲಿಗೆಯೂ ದಪ್ಪಗಾಯಿತು. ಒಂದೆರಡು ಮಾತು ಆಡುತ್ತಿದ್ದ, ಅದೂ ಮಲ್ಲಾಜಮ್ಮನಿಗೆ ಮಾತ್ರ ಅರ್ಥವಾಗುವ ಹಾಗೆ. ಆದರೂ ಹಾಸಿಗೆಯಲ್ಲಿ ಮಾಡುವುದಕ್ಕೆ ಒಪ್ಪಲಿಲ್ಲ. ಎಡಗೈಯಲ್ಲಿ ಕೋಲು, ಬಲಕ್ಕೆ ಹೆಂಡತಿಯ ಹೆಗಲು, ಹೀಗೆ ಬಚ್ಚಲಿಗೆ ನಡೆದೇ ಹೋಗಬೇಕು. ಆ ಬೆಳಗ್ಗೆ ಹಾಲು ನೋಡಲು ಅವಳು ಒಂದು ಗಳಿಗೆ ಆಚೆ ಹೋದಾಗ ಅಲ್ಲೇ ಜಾರಿದ್ದು.

ಸಂಜೆ ಮಗ ಲಿಂಗರಾಜು ಬಂದ. ಅವನದು ಗೂಡ್ಸ್ ಆಟೋ. ಬೆಳಗಿನ ಜಾವವೇ ಹುಣಸೂರಿನ ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು ಬೈಲಕುಪ್ಪೆಯ ಟಿಬೆಟಿನವರ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಅವನ ಹೆಂಡತಿ ಶಾಂತಲಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಇಬ್ಬರೂ ದುಡಿದರೇ ಮನೆ. ಅವರು ಬಿಟ್ಟು ಹೋಗುತ್ತಾರೆಂದು ಯಾರೂ ದೂರುವ ಹಾಗಿಲ್ಲ, ಮಲ್ಲಾಜಮ್ಮನೂ ದೂರಿದವಳಲ್ಲ.

ಲಿಂಗರಾಜು ಅಪ್ಪನ ಮಂಡಿಯ ಗಾಯ ನೋಡಿದ, ಅವ್ವನ ಮುಖ ನೋಡಿದ, ಹೊರಗೆ ಜಗಲಿಯ ಮೇಲೆ ಕೂತ.

"ಮೈಸೂರಲ್ಲಿ ಇಂಥೋರ್ನ ನೋಡ್ಕೊಳೋ ಮನೆ ಐತೆ ಕಣವ್ವ. ಎತ್ತಾಕೆ ಇಳ್ಸಾಕೆ ಗಂಡಾಳ್ಗಳವ್ರೆ. ನಾವು ವಾರ ವಾರ ಓಗಿ ನೋಡ್ಕಂಡು ಬರಾದು."

"ಇಲ್ಲಿ ನಾನಿಲ್ವೇನ್ಲಾ?"

"ಇವತ್ತು ನೀನಿದ್ಯಲ್ಲ, ಏನಾಯ್ತು? ನಾಳೆ ತಲೆ ಒಡ್ಕಂಡು ಬಿದ್ರೆ? ನಿನ್ ಸೊಂಟ ಮುರ್ದ್ರೆ ನಿನ್ನ ಯಾರು ಎತ್ತಾರು?"

ಅವಳು ಬಾಗಿಲ ಚೌಕಟ್ಟನ್ನು ಉಗುರಿನಲ್ಲಿ ಕೆರೆದಳು. "ನಾನು ಎತ್ತೋದು ಕಲಿತೀನಿ," ಅಂದಳು.

ಲಿಂಗರಾಜುವಿಗೆ ನಗು ಬಂದರೂ ನಗಲಿಲ್ಲ. "ಆಯ್ತು. ಗೌರಿ ಅಬ್ಬದ ಗಂಟ ಕಾಯ್ತೀನಿ. ನೆಲದ ಮೇಲಿಂದ ಮಂಚಕ್ಕೆ, ನೀನೊಬ್ಳೇ, ನನ್ ಕಣ್ಮುಂದೆ ಎತ್ತು. ಎತ್ತಿದ್ರೆ ಮೈಸೂರ್ ಮಾತು ನನ್ ಬಾಯಲ್ಲಿ ಬರಾಕಿಲ್ಲ. ಇಲ್ದಿದ್ರೆ ಗಾಡಿ ತರ್ತೀನಿ, ಆವಾಗ ಅಳಬಾರ್ದು."

ಒಳಗೆ ಮಂಚದ ಮೇಲಿಂದ ಒಂದು ಮಾತು ಬಂತು. "ಬ್ಯಾಡ." ಮೈಸೂರು ಬೇಡವೋ, ಹೆಂಡತಿ ಎತ್ತುವುದು ಬೇಡವೋ, ಅದು ಮಲ್ಲಾಜಮ್ಮನಿಗೂ ತಿಳಿಯಲಿಲ್ಲ.

ಹುಣಸೂರಿನಿಂದ ಶನಿವಾರ ಶನಿವಾರ ಭಾವನಾ ಎಂಬ ಹುಡುಗಿ ಬಂದು ನಂಜಯ್ಯನ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಆ ಶನಿವಾರ ಮಲ್ಲಾಜಮ್ಮ ಅವಳನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದಳು.

"ನನ್ ಮೈಗೆ ಸಕ್ತಿ ಬರ್ಬೇಕು ಕಣವ್ವ. ಬರ್ತದಾ ಈ ವಯಸ್ನಲ್ಲಿ? ಸುಳ್ಳೇಳ್ಬ್ಯಾಡ."

ಭಾವನಾ ಅವಳನ್ನು ಒಂದು ಮಣೆಯ ಮೇಲೆ ಕೂರಿಸಿ, ಕೈ ಊರದೆ ಏಳಲು ಹೇಳಿದಳು. ಮಲ್ಲಾಜಮ್ಮ ಅರ್ಧಕ್ಕೆ ಎದ್ದು ಧೊಪ್ಪೆಂದು ಕೂತುಬಿಟ್ಟಳು.

"ಬರುತ್ತೆ ಅಮ್ಮ. ನಿಧಾನಕ್ಕೆ ಬರುತ್ತೆ, ಆದ್ರೆ ದಿನಾ ಮಾಡ್ಬೇಕು. ನೀವು ಎತ್ತುವಾಗ ಬೆನ್ನಲ್ಲಿ ಎಳೀತಿದೀರ. ಎತ್ತೋದು ತೊಡೆ. ಬೆನ್ನು ನೆಟ್ಟಗಿರ್ಬೇಕು, ಮಂಡಿ ಬಗ್ಬೇಕು."

ಅಂದಿನಿಂದ ಶುರುವಾಯಿತು. ಲಿಂಗರಾಜುವೂ ಶಾಂತಲಾಳೂ ಹೊರಟ ಮೇಲೆ, ಸೊಸೆಯ ಹಳೆಯ ಚೂಡಿದಾರದ ಪ್ಯಾಂಟನ್ನು ಸೀರೆಯೊಳಗೆ ತೊಟ್ಟು, ಸೆರಗು ಸಿಕ್ಕಿಸಿ, ಮಲ್ಲಾಜಮ್ಮ ನಡುಮನೆಯಲ್ಲಿ ನಿಲ್ಲುತ್ತಿದ್ದಳು. ಎತ್ತರದ ಸ್ಟೂಲಿನಿಂದ ಎದ್ದು ಕೂರುವುದು. ಅದು ಹಗುರಾದ ಮೇಲೆ ಕುರ್ಚಿ, ಆಮೇಲೆ ಮಣೆ. ಎಣ್ಣೆಯ ಖಾಲಿ ಕ್ಯಾನಿಗೆ ನೀರು ತುಂಬಿ ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಎದ್ದು ಕೂರುವುದು. ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದು. ಮೊದಲ ವಾರ ಮೆಟ್ಟಿಲು ಇಳಿಯುವಾಗ ತೊಡೆಗಳು ನಡುಗಿ, ಗೋಡೆ ಹಿಡಿದು ಅಡ್ಡಡ್ಡ ಇಳಿದಳು. ಹೊತ್ತ ಹುಲ್ಲಿನ ಹೊರೆ, ಕುಟ್ಟಿದ ರಾಗಿ, ಹೆತ್ತ ಮಗು ಯಾವುದೂ ಅವಳಿಗೆ ಇಂಥ ನೋವು ಕೊಟ್ಟಿರಲಿಲ್ಲ. ಆ ಕೆಲಸಗಳಲ್ಲಿ ನೋವಿಗೆ ಕೊನೆಯಲ್ಲಿ ಒಂದು ವಸ್ತು ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಎದ್ದು ಕೂತು ಎದ್ದು ಕೂತು, ಕೊನೆಗೆ ಇದ್ದಲ್ಲೇ ಇರಬೇಕು.

ಎದುರು ಮನೆಯ ಸಾಕಮ್ಮ ಮೊಸರು ಕೇಳಲು ಬಂದವಳು ಇದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಯಾಕಕ್ಕ, ಮೇಷ್ಟ್ರು ಬಸ್ಕಿ ಒಡ್ಸಿದ್ರಾ? ಏನ್ ತಪ್ಪು ಮಾಡ್ದೆ?"

"ಈ ಗಂಡನ್ನ ಕಟ್ಕಂಡೆ, ಅದೇ ತಪ್ಪು. ನೀನೂ ಬಾ, ನಿಂದೂ ತಪ್ಪದೆ."

"ನಂಗ್ಯಾಕಮ್ಮ! ನಮ್ಮೆಜಮಾನ್ರು ಸಣ್ಣಕವ್ರೆ, ಬಿದ್ರೆ ಮೊರದಾಗೆ ಆಕಿ ಎತ್ತಿ ತತ್ತೀನಿ." ನಗುತ್ತ ಹೋದ ಸಾಕಮ್ಮ ಬೀದಿಗೆಲ್ಲ ಸುದ್ದಿ ಹಂಚಿದಳು. ಪೈಲ್ವಾನ್ ನಂಜಯ್ಯನ ಹೆಂಡತಿ ದಸರಾ ಕುಸ್ತಿಗೆ ತಾಲೀಮು ಮಾಡ್ತಾವಳಂತೆ ಅಂತ ಹಾಲಿನ ಡೈರಿಯಲ್ಲಿ ಮಾತಾಯಿತು. ಮಾತು ಮಲ್ಲಾಜಮ್ಮನಿಗೆ ತಾಗಲಿಲ್ಲ. ಮಂಚದ ಮೇಲಿದ್ದವನಿಗೆ ತಾಗಿತು. ಅವಳು ಕ್ಯಾನು ಎತ್ತಿಕೊಂಡ ಕೂಡಲೇ ಅವನು ಗೋಡೆಯ ಕಡೆ ತಿರುಗುತ್ತಿದ್ದ.

ಊರ ಕೊನೆಯ ಗರಡಿಮನೆಗೆ ಈಗ ಬೀಗ. ಅದು ನಡೆಯುತ್ತಿದ್ದಾಗಲೂ ಮಲ್ಲಾಜಮ್ಮ ಅದರ ಹೊಸಿಲು ದಾಟಿದವಳಲ್ಲ. ಹೆಂಗಸರು ದಾಟುವ ಪದ್ಧತಿ ಇರಲಿಲ್ಲ. ಅಖಾಡದ ಮಣ್ಣನ್ನು ಹದ ಮಾಡಲು ಮಜ್ಜಿಗೆ, ಎಣ್ಣೆ, ಅರಿಶಿನ ಹೊತ್ತು ಬಾಗಿಲವರೆಗೆ ಹೋಗಿ, ಒಳಗಿನವರು ಬಂದು ಇಸಿದುಕೊಳ್ಳುವ ತನಕ ಹೊರಗೇ ನಿಲ್ಲುತ್ತಿದ್ದಳು. ನಿಂತಲ್ಲಿಂದ ಕತ್ತಲೆಯಲ್ಲಿ ಕೆಂಪು ಮಣ್ಣು ಮೆತ್ತಿದ ಬೆನ್ನುಗಳು ಕಾಣುತ್ತಿದ್ದವು. ಜೋಡಿ ಬಿಗಿದುಕೊಂಡು ಬಿಡಿಸಲಾಗದೆ ಹೋದರೆ ಹಳೆಯ ಉಸ್ತಾದರು ಬಂದು ಸೋಲುವವನ ಬೆನ್ನಿಗೆ ಅಂಗೈಯಿಂದ ಛಟ್ ಎಂದು ಹೊಡೆಯುತ್ತಿದ್ದರು. ಅಷ್ಟಾದರೆ ಮುಗಿಯಿತು. ಹೊಡೆತ ಬಿದ್ದವನು ಪಟ್ಟು ಬಿಟ್ಟು "ಆಯ್ತು" ಅನ್ನಬೇಕು. ಅನ್ನದವನಿಗೆ ಆ ಗರಡಿಯಲ್ಲಿ ಮತ್ತೆ ಜಾಗವಿಲ್ಲ. ಎಳೆಯ ನಂಜಯ್ಯನ ಬೆನ್ನಿಗೂ ಆ ಅಂಗೈ ಬಿದ್ದದ್ದುಂಟು. ಅವನೇ ಉಸ್ತಾದನಾದ ಮೇಲೆ ಅವನ ಬೆನ್ನಿಗೆ ಹೊಡೆಯುವ ಅಧಿಕಾರ ಯಾರಿಗೂ ಉಳಿಯಲಿಲ್ಲ.

ಆಷಾಢ ಕಳೆಯಿತು. ಒಂದು ದಿನ ಅವಳು ಮಣೆಯಿಂದ ಕ್ಯಾನಿನ ಸಮೇತ ಏಳುತ್ತಿದ್ದಾಗ ಮಂಚದಿಂದ ಗೊಗ್ಗರು ದನಿ ಬಂತು.

"ಇಮ್ಮಡಿ."

ಅವಳು ಕೆಳಗೆ ನೋಡಿಕೊಂಡಳು. ಏಳುವ ಭರದಲ್ಲಿ ಹಿಮ್ಮಡಿ ನೆಲ ಬಿಟ್ಟಿತ್ತು. ಹಿಮ್ಮಡಿ ಊರಿ ಮತ್ತೆ ಎದ್ದಳು. ಮೈ ಹಗುರಾಗಿ ಎದ್ದಿತು. ತಿರುಗಿ ನೋಡಿದರೆ ಅವನು ಆಗಲೇ ಕಣ್ಣು ಮುಚ್ಚಿಕೊಂಡಿದ್ದ.

ಆಮೇಲೆ ಅವನು ಗೋಡೆಯ ಕಡೆ ತಿರುಗುವುದನ್ನು ಬಿಟ್ಟ. ಹೊಗಳಲಿಲ್ಲ, ನಗಲಿಲ್ಲ. ತಪ್ಪಿದರೆ ಮಾತ್ರ "ಇಮ್ಮಡಿ" ಅನ್ನುತ್ತಿದ್ದ, ಇಲ್ಲವೇ "ಉಸ್ರು" ಅನ್ನುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಎತ್ತುವಾಗಲೂ ಅವಳಿಗೆ ಆ ಎರಡು ಮಾತು ಕೇಳಿಸತೊಡಗಿದವು. ಅರ್ಧ ತುಂಬಿದ ರಾಗಿ ಚೀಲವನ್ನು ನೆಲದಿಂದ ಕಟ್ಟೆಗೆ ಎತ್ತಿಟ್ಟ ದಿನ ಶಾಂತಲಾ ಅತ್ತೆಯ ತೋಳು ಮುಟ್ಟಿ ನೋಡಿ, "ಅತ್ತೆ, ನನ್ ತೋಳೇ ಮೆತ್ತಗೈತೆ ಕಣ್ರೀ," ಅಂದಳು. ಮಲ್ಲಾಜಮ್ಮನಿಗೆ ಒಳಗೊಳಗೇ ಧೈರ್ಯ ಬಂತು.

ಅದಕ್ಕೇ ಹಬ್ಬದ ಹಿಂದಿನ ಶನಿವಾರ, ಭಾವನಾ ಇರುವಾಗಲೇ, ಮಗನನ್ನು ನಿಲ್ಲಿಸಿಕೊಂಡು "ನೋಡು" ಅಂದಳು.

ನಂಜಯ್ಯನನ್ನು ಚಾಪೆಯ ಮೇಲೆ ಕೂರಿಸಿದರು. ಭಾವನಾ ಅವನ ಸೊಂಟಕ್ಕೆ ಅಗಲವಾದ ಹತ್ತಿ ಬೆಲ್ಟು ಕಟ್ಟಿದಳು. ಅವನ ಎಡಗಾಲನ್ನು ಮಡಚಿ ನೆಲಕ್ಕೆ ಊರಿಸಿದಳು. ಮಲ್ಲಾಜಮ್ಮ ಎದುರು ಕುಕ್ಕರಗಾಲಲ್ಲಿ ಕೂತು, ತನ್ನ ಮಂಡಿಯಿಂದ ಅವನ ಮಂಡಿ ಒತ್ತಿ ಹಿಡಿದು, ಬೆಲ್ಟಿಗೆ ಎರಡೂ ಕೈ ಹಾಕಿ, ಹಿಮ್ಮಡಿ ಊರಿ ಎದ್ದಳು.

ಅವನೂ ಮೇಲೆ ಬಂದ. ಚಾಪೆ ಬಿಟ್ಟು ಒಂದು ಮೊಳದಷ್ಟು ಬಂದ. "ಬಂತು ಬಂತು!" ಎಂದು ಶಾಂತಲಾ ಬಾಗಿಲಿಂದ ಕೂಗಿದಳು. ಆಗ ಮಲ್ಲಾಜಮ್ಮನ ಕಿವಿಯ ಹತ್ತಿರ ಅವನ ಉಸಿರು ಪೂರ್ತಿ ಹೊರಗೆ ಹೋಯಿತು. ಬೆಲ್ಟಿನೊಳಗಿನ ಹೊಟ್ಟೆ ಸಡಿಲವಾಯಿತು, ಸೊಂಟ ಕೆಳಕ್ಕೆ ಜಾರಿತು. ತಬ್ಬಿದ್ದದ್ದು ಗಂಡನನ್ನಲ್ಲ, ನೆನೆದ ಭತ್ತದ ಮೂಟೆಯನ್ನು. ಇಬ್ಬರೂ ಚಾಪೆಯ ಮೇಲೆ ಕುಸಿದರು.

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಲಿಂಗರಾಜುವೇ ಬಂದು ಅವ್ವನ ಕೈ ಬಿಡಿಸಿದ. "ಸಾಕು ಬುಡವ್ವ," ಅಂದ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅದು ಇದ್ದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು.

ಎಲ್ಲರೂ ಹೊರಗೆ ಹೋದ ಮೇಲೆ ಮಲ್ಲಾಜಮ್ಮ ಮಂಚದ ಪಕ್ಕ ನಿಂತಳು.

"ಭಾರ ಬುಟ್ರಿ ನೀವು."

ಅವನು ತಲೆ ಅಲ್ಲಾಡಿಸಿದ.

"ನಂಗೆ ಗೊತ್ತಾಗಾಕಿಲ್ಲ ಅಂತ ತಿಳ್ಕಂಡ್ರಾ? ಇಡೀ ಸೀಮೆ ಪೈಲ್ವಾನ್ರಿಗೆ ಮಾಡಿದ್ನ ನಂಗೂ ಮಾಡಿದ್ರಿ. ಎಂಡ್ತಿ ಕೈಲಿ ಎತ್ತುಸ್ಕಂಡ್ರೆ ನಿಮ್ ಮಾನ ಓಯ್ತದೆ. ಮೈಸೂರ್ನಲ್ಲಿ ಯಾರೋ ಗಂಡಾಳು ಎತ್ತಿದ್ರೆ ಓಗಾಕಿಲ್ಲ, ಅಲ್ವಾ?"

"ನಾನಲ್ಲ," ಅಂದ ನಂಜಯ್ಯ.

"ಮತ್ಯಾರು?"

"ನಾನಲ್ಲ ಕಣೆ." ಎಡಗೈಯಿಂದ ತನ್ನ ಹೊಟ್ಟೆಯನ್ನು ಮುಟ್ಟಿ ತೋರಿಸಿದ. ಬೇರೆ ಯಾರದೋ ಹೊಟ್ಟೆಯನ್ನು ತೋರಿಸಿದ ಹಾಗಿತ್ತು. ಅವನ ಕಣ್ಣಲ್ಲಿ ನೀರಿತ್ತು. ಲಕ್ವ ಹೊಡೆದ ಮೇಲೆ ಆ ಕಣ್ಣಿಗೆ ಸುಮ್ಮಸುಮ್ಮನೆ ನೀರು ಬರುತ್ತಿತ್ತು, ಹಾಗಾಗಿ ಅವಳು ಅದನ್ನು ನಂಬಲಿಲ್ಲ.

ಹೊರಗೆ ಭಾವನಾ ಸ್ಕೂಟಿ ಹತ್ತುವ ಮುಂಚೆ ಹೇಳಿದಳು: "ಕೆಲವರಿಗೆ ಹಾಗಾಗುತ್ತೆ ಅಮ್ಮ. ಮೈ ಹಳೇ ಅಭ್ಯಾಸಾನ ತಾನೇ ಮಾಡಿಬಿಡುತ್ತೆ, ಅವರ ಕೈಲಿರಲ್ಲ. ಅವರ ಮೇಲೆ ಸಿಟ್ಟು ಮಾಡ್ಕೋಬೇಡಿ."

ಮಲ್ಲಾಜಮ್ಮ ತಲೆಯಾಡಿಸಿದಳು. ಸಿಟ್ಟು ಮಾತ್ರ ಹೋಗಲಿಲ್ಲ. ಇಷ್ಟು ದಿನ ನಡುಮನೆಯಲ್ಲಿ ತೊಡೆ ನಡುಗಿಸಿಕೊಂಡು ತಾನು ಕೂಡಿಸಿದ ಶಕ್ತಿಯನ್ನು ಈ ಮನುಷ್ಯ ಒಂದೇ ಉಸಿರಿನಲ್ಲಿ ಹೊರಗೆ ಊದಿಬಿಟ್ಟ. ಹಬ್ಬದಲ್ಲಿ ಅವನಿಗೆ ಹೋಳಿಗೆ ಕಲಸಿ ತಿನ್ನಿಸಿದಳು, ಮೈ ಒರೆಸಿದಳು, ಮಾತು ಮಾತ್ರ ಆಡಲಿಲ್ಲ. ಬೆಳಗಿನ ಬಸ್ಕಿಯನ್ನೂ ನಿಲ್ಲಿಸಿದಳು. ಕ್ಯಾನು ಮೂಲೆ ಸೇರಿತು. ಗಣೇಶನನ್ನು ನೀರಿಗೆ ಬಿಟ್ಟ ಮೇಲಿನ ಸೋಮವಾರಕ್ಕೆ ಲಿಂಗರಾಜು ಗಾಡಿ ಗೊತ್ತು ಮಾಡಿದ. ಶಾಂತಲಾ ಮಾವನ ಪಂಚೆ, ಬನೀನುಗಳನ್ನು ಒಗೆದು ಮಡಚಿ ಚೀಲಕ್ಕೆ ಹಾಕುವಾಗ ಯಾರ ಮುಖವನ್ನೂ ನೋಡಲಿಲ್ಲ.

ಶನಿವಾರ ಬೆಳಗ್ಗೆಯಿಂದ ಮಳೆ ಹಿಡಿದಿತ್ತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಮಳೆಗೆ ಬರಲಾಗುವುದಿಲ್ಲವೆಂದು ಭಾವನಾ ಲಿಂಗರಾಜುವಿಗೆ ಫೋನು ಮಾಡಿದ್ದಳು. ಮಲ್ಲಾಜಮ್ಮ ಹಿತ್ತಲಿನಲ್ಲಿ ಸೌದೆಗೆ ತಾರ್ಪಾಲು ಹೊದಿಸುತ್ತಿದ್ದಾಗ ಒಳಗೆ ಕೋಲು ಬಿದ್ದ ಸದ್ದಾಯಿತು, ಅದರ ಹಿಂದೆಯೇ ಇನ್ನೊಂದು ಸದ್ದು.

ಅವನು ಒಬ್ಬನೇ ಬಚ್ಚಲಿಗೆ ಹೊರಟಿದ್ದ. ಹಂಡೆಯ ಪಕ್ಕದ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದ. ಬೀಳುವಾಗಲೂ ಬೆನ್ನು ನೆಲಕ್ಕೆ ತಾಗದ ಹಾಗೆ ಹೊರಳಿ, ಒಂದು ಮಗ್ಗುಲಾಗಿ ಬಿದ್ದಿದ್ದ. ಮೊಣಕೈ ತರಚಿ ರಕ್ತ ನೀರಿನಲ್ಲಿ ಬೆರೆತಿತ್ತು.

"ಯಾಕೆ ಒಬ್ರೇ ಬಂದ್ರಿ? ಕೂಗಾಕೆ ಬಾಯಿರ್ನಿಲ್ವಾ?"

"ಆಯ್ತದಾ... ನೋಡ್ದೆ."

ಆಗುತ್ತದಾ ಎಂದು ನೋಡಿದನಂತೆ. ಸೋಮವಾರ ಹೋಗುವ ಮುಂಚೆ ತಾನೊಬ್ಬನೇ ನಡೆದು ತೋರಿಸಿದರೆ ಮಗ ಗಾಡಿ ಬೇಡ ಅಂದಾನೆಂದು. ಮಲ್ಲಾಜಮ್ಮ ಬೀದಿಗೆ ಓಡಿ ಕೂಗಿದಳು. ಮಳೆಯ ಸದ್ದಿನಲ್ಲಿ ಕೂಗು ಎದುರು ಮನೆಯನ್ನೂ ಮುಟ್ಟಲಿಲ್ಲ. ಮತ್ತೆ ಒಳಗೆ ಬಂದು ಅವನನ್ನು ಹೊರಳಿಸಿ ಕೂರಿಸಿದಳು, ಭಾವನಾ ಬಿಟ್ಟುಹೋಗಿದ್ದ ಬೆಲ್ಟು ತಂದು ಕಟ್ಟಿದಳು. ಒದ್ದೆ ಕಲ್ಲಿನ ಮೇಲೆ ಗೋಣಿ ಹಾಸಿ, ಹಿಮ್ಮಡಿ ಊರಿ, ಹಿಡಿದು ಎದ್ದಳು.

ಉಸಿರು ಹೊರಗೆ ಹೋಯಿತು. ಸೊಂಟ ಇಳಿಯಿತು.

"ಬಿಡಬ್ಯಾಡಿ. ಭಾರ ಬಿಡಬ್ಯಾಡಿ ಅಂತೀನಿ!"

"ನಾನ..."

"ನಾನಲ್ಲ ಅನ್ಬ್ಯಾಡಿ!"

ಮತ್ತೆ ಹಿಡಿದಳು, ಮತ್ತೆ ಇಳಿದ. ಅವನ ತುಟಿ ಚಳಿಗೆ ಅದುರುತ್ತಿತ್ತು. ಆ ಅದುರುವ ತುಟಿಯಿಂದ ಇನ್ನೊಮ್ಮೆ ಉಸಿರು ಹೊರಗೆ ಹೋದದ್ದನ್ನು ಕೇಳಿದಾಗ ಅವಳಿಗೆ ತಲೆ ಕೆಟ್ಟುಹೋಯಿತು. ಬೆಲ್ಟು ಹಿಡಿದ ಕೈಯನ್ನು ಕಿತ್ತು, ಎತ್ತಿ, ಅವನ ಒದ್ದೆ ಬೆನ್ನಿಗೆ ಬಾರಿಸಿದಳು. ಬಚ್ಚಲ ಗೋಡೆಗಳ ನಡುವೆ ಛಟ್ ಎಂದು ಸದ್ದಾಯಿತು.

ಮದುವೆಯಾದಾಗಿನಿಂದ ಅವನ ಮೇಲೆ ಅವಳು ಕೈ ಎತ್ತಿದವಳಲ್ಲ.

ನಂಜಯ್ಯನ ಮೈ ಪೂರ್ತಿ ಸಡಿಲವಾಯಿತು. ತಲೆ ಅವಳ ಹೆಗಲಿಗೆ ಬಿತ್ತು. ಸತ್ತೇ ಹೋದನೆಂದು ತಿಳಿದು ಅವಳು "ಅಯ್ಯೋ" ಎಂದು ಅವನನ್ನು ತಬ್ಬಿಕೊಂಡಳು. ಆಗ ಹೆಗಲ ಮೇಲಿಂದ, ಯಾವ ತೊದಲೂ ಇಲ್ಲದೆ, ಹಳೆಯ ದನಿಯಲ್ಲಿ ಒಂದು ಮಾತು ಬಂತು.

"ಆಯ್ತು."

ಗರಡಿಯ ಬಾಗಿಲಲ್ಲಿ ಮಜ್ಜಿಗೆ ಗಡಿಗೆ ಹಿಡಿದು ನಿಂತು ಎಷ್ಟೋ ಸಲ ಕೇಳಿದ್ದ ಮಾತು. ಅವಳಿಗೆ ತಾನು ಏನು ಮಾಡಿದೆನೆಂದು ಆಗ ಗೊತ್ತಾಯಿತು. ಅಳುತ್ತ ಕೂರಲು ಹೊತ್ತಿಲ್ಲ, ಪಟ್ಟು ಬಿಟ್ಟ ಮೈ ಮತ್ತೆ ಪಟ್ಟು ಹಿಡಿದೀತು. ಬೆಲ್ಟು ಹಿಡಿದಳು. ಉಸಿರು ತುಂಬಿಕೊಂಡಳು. ಮಂಡಿಯ ಮೇಲೆ, ತೊಡೆಯ ಮೇಲೆ ಭಾರ ಬಂತು. ತೊಡೆ ತಡೆಯಿತು. ನಂಜಯ್ಯ ಮೇಲಕ್ಕೆ ಬಂದ. ಅವನ ಎಡಗಾಲು ತಾನಾಗಿ ನೆಲ ಒತ್ತಿ ಸಹಾಯ ಮಾಡಿತು. ಇಬ್ಬರೂ ಹಂಡೆಯ ಪಕ್ಕ ಎದೆಗೆ ಎದೆ ಕೊಟ್ಟು ನಿಂತುಕೊಂಡರು. ಮಲ್ಲಾಜಮ್ಮ ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ.

ಇಡೀ ದಿನ ಕಣ್ಣು ತಪ್ಪಿಸಿಯೇ ಇದ್ದ. ಗಂಜಿ ಕುಡಿಸಿದರೆ ಕುಡಿದ. ಮೊಣಕೈಗೆ ಅರಿಶಿನ ಹಚ್ಚಿದರೆ ಹಚ್ಚಿಸಿಕೊಂಡ. ಗೆದ್ದಿದ್ದೇನೆ ಎಂದು ಅವಳಿಗೂ ಅನ್ನಿಸಲಿಲ್ಲ. ಆ ಕಾಲದಲ್ಲಿ ಬೆನ್ನಿಗೆ ಅಂಗೈ ಬಿದ್ದವರು ಗರಡಿಯಿಂದ ಹೊರಗೆ ಬಂದು, ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ, ತಲೆ ತಗ್ಗಿಸಿ ಹೋಗುತ್ತಿದ್ದದ್ದು ನೆನಪಾಯಿತು. ಅಂಗೈ ಇನ್ನೂ ಉರಿಯುತ್ತಿತ್ತು.

ಸಂಜೆ ಲಿಂಗರಾಜು ಮೊಣಕೈಯ ಗಾಯ ಕಂಡು ನಿಂತ.

"ಮತ್ತೆ ಬಿದ್ರಾ? ಯಾರು ಎತ್ತಿದ್ದು, ಕಂಠಪ್ಪಣ್ಣನಾ?"

ಮಲ್ಲಾಜಮ್ಮ ಬಾಯಿ ತೆರೆಯುವ ಮುಂಚೆ ನಂಜಯ್ಯ ಎಡಗೈ ಎತ್ತಿ ಅವಳ ಕಡೆ ತೋರಿಸಿದ.

"ಅವ್ವನಾ? ಎಂಗೆ?"

ಅವಳು ಹೇಳುವುದು ಹೇಗೆ? ಲಿಂಗರಾಜುವೂ ಚಿಕ್ಕಂದಿನಲ್ಲಿ ಅದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವನು. ಆ ಅಂಗೈ ಏನೆಂದು ಅವನಿಗೆ ಗೊತ್ತು. ಅಪ್ಪನ ಬೆನ್ನಿಗೆ ಅದು ಬಿದ್ದದ್ದನ್ನು ಮಗ ಯಾವತ್ತೂ ಕಂಡವನಲ್ಲ.

"ಇನ್ನೊಂದ್ ಸಲ ಎತ್ತು, ನೋಡಣ," ಅಂದ ಲಿಂಗರಾಜು. "ನಂಬಾಕಿಲ್ಲ ಅಂತಲ್ಲ. ನಾನು ಗಾಡಿ ಬ್ಯಾಡ ಅಂದು, ನಾಡಿದ್ದು ನೀವಿಬ್ರೂ ಬಿದ್ದು ಬಿಟ್ರೆ..."

"ಈಗ ಬ್ಯಾಡ. ಅವ್ರಿಗೂ ಸುಸ್ತಾಗದೆ."

"ನಾಳೆ ಒಂದೇ ದಿನ ಇರಾದು ಅವ್ವ."

ಭಾನುವಾರ ಮಳೆ ಬಿಟ್ಟಿತ್ತು. ಚಾಪೆ ಹಾಸಿದರು, ಲಿಂಗರಾಜು ಅಪ್ಪನನ್ನು ಇಳಿಸಿ ಕೂರಿಸಿ ಗೋಡೆಗೆ ಸರಿದು ನಿಂತ. ಶಾಂತಲಾ ಅವನ ಹಿಂದೆ ನಿಂತಳು. ಮಲ್ಲಾಜಮ್ಮ ಬೆಲ್ಟು ಕಟ್ಟಿದಳು. ಹಾಗೇ ಎತ್ತಲು ನೋಡುತ್ತೇನೆ, ಇವತ್ತು ಅವರು ಭಾರ ಬಿಡಲಿಕ್ಕಿಲ್ಲ ಎಂದುಕೊಂಡಳು. ಮಗನ ಮುಂದೆ ಆ ಕೈ ಎತ್ತುವುದಿಲ್ಲ. ಎತ್ತಲಾಗದಿದ್ದರೆ ಗಾಡಿ ಬರಲಿ.

"ಮಣ್ಣು," ಅಂದ ನಂಜಯ್ಯ.

ಯಾರಿಗೂ ಅರ್ಥವಾಗಲಿಲ್ಲ. ಅವನು ದೇವರ ಗೂಡಿನ ಕಡೆ ಎಡಗೈ ಚಾಚಿದ. ಗರಡಿಗೆ ಬೀಗ ಬಿದ್ದ ದಿನ ತಂದಿಟ್ಟ ಒಂದು ಹಿಡಿ ಮಣ್ಣು ಅಲ್ಲಿ ಹನುಮಂತನ ಪಟದ ಕೆಳಗೆ ಕೆಂಪು ಬಟ್ಟೆಯ ಗಂಟಿನಲ್ಲಿತ್ತು. ಶಾಂತಲಾ ತಂದು ಬಿಚ್ಚಿ ಅವನ ಮುಂದೆ ಹಿಡಿದಳು. ಎಣ್ಣೆಯ, ಮಜ್ಜಿಗೆಯ ಹಳೆಯ ವಾಸನೆ ಬಂತು. ನಂಜಯ್ಯ ಚಿಟಿಕೆ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡ. ಇನ್ನೊಂದು ಚಿಟಿಕೆ ತೆಗೆದು, ಎಡಗೈಯಿಂದ ಮಲ್ಲಾಜಮ್ಮನ ಹೆಗಲ ಮೇಲೆ ಎರಚಿದ.

ಪಟ್ಟು ಜಾರಬಾರದೆಂದು ಪೈಲ್ವಾನರು ಒಬ್ಬರ ಮೈಗೊಬ್ಬರು ಮಣ್ಣು ಎರಚುವುದು ಲಿಂಗರಾಜುವಿಗೆ ಗೊತ್ತಿತ್ತು. ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

ಅವಳು ಹಿಡಿದು ಎದ್ದಳು. ಅವನು ಮೇಲೆ ಬಂದ. ಉಸಿರು ಹೊರಗೆ ಹೋಯಿತು, ಸೊಂಟ ಕೆಳಗಿಳಿಯಿತು. ಅವಳು ಅವನನ್ನು ಬೀಳಲು ಬಿಡದೆ ಮೆಲ್ಲಗೆ ಕೂರಿಸಿ, ಹಣೆಯನ್ನು ಅವನ ಹೆಗಲಿಗೆ ಇಟ್ಟಳು. ಮುಗಿಯಿತು ಎಂದುಕೊಂಡಳು.

"ಒಡಿ," ಅಂದ ನಂಜಯ್ಯ, ಅವಳ ಕಿವಿಯಲ್ಲಿ.

"ಮಗ ಅವ್ನೆ ಕಣ್ರೀ."

"ಒಡಿ."

ಅವಳು ಅಂಗೈಯನ್ನು ಅವನ ಬೆನ್ನ ಮೇಲೆ ಮೆತ್ತಗೆ ಇಟ್ಟಳು. ಮೈ ಪಟ್ಟು ಬಿಡಲಿಲ್ಲ. ಅದಕ್ಕೆ ಅಂಥ ಕೈ ಗೊತ್ತಿರಲಿಲ್ಲ.

"ಮಣ್ಣು ಆಕೀನಲ್ಲ," ಅಂದ. ಸಿಟ್ಟಿನಲ್ಲಿ ನಾಲಿಗೆ ತೊದಲಿತು. "ಒಡಿಯೇ!"

ಮಲ್ಲಾಜಮ್ಮ ಹೊಡೆದಳು. ನಡುಮನೆಯಲ್ಲಿ ಛಟ್ ಎಂದಿತು. ಗೋಡೆಯ ಹತ್ತಿರ ಲಿಂಗರಾಜು ತನ್ನ ಬೆನ್ನಿಗೇ ಬಿದ್ದ ಹಾಗೆ ಬೆಚ್ಚಿದ.

"ಆಯ್ತು," ಅಂದ ನಂಜಯ್ಯ.

ಅವಳು ಎತ್ತಿದಳು. ಮಂಡಿಯಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಭಾರವನ್ನು ಸಾಗಿಸುತ್ತ, ಅವನನ್ನು ತಿರುಗಿಸಿ ಮಂಚದ ಅಂಚಿನ ಮೇಲೆ ಕೂರಿಸಿದಳು. ಎರಡೂ ಕಾಲನ್ನು ಎತ್ತಿ ಮೇಲಿಟ್ಟಳು. ಆಮೇಲೆ ಬೆಲ್ಟು ಬಿಚ್ಚಿದಳು. ಗಂಟು ಬಿಚ್ಚಲು ಬೆರಳುಗಳು ಬಹಳ ಹೊತ್ತು ತೆಗೆದುಕೊಂಡವು.

ತಿರುಗಿ ನೋಡಿದರೆ ಲಿಂಗರಾಜು ಅಲ್ಲಿರಲಿಲ್ಲ. ಅಂಗಳದಲ್ಲಿ ಆಟೋದ ಪಕ್ಕ ಬೆನ್ನು ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. "ಇಲ್ಲ ಸಾರ್, ನಾಳೆ ಗಾಡಿ ಬ್ಯಾಡ... ಇಲ್ಲ, ಇಲ್ಲೇ ನೋಡ್ಕೊತೀವಿ." ಫೋನು ಇಟ್ಟ ಮೇಲೂ ಒಳಗೆ ಬರಲಿಲ್ಲ. ಅಂಗಿಯ ತೋಳಿನಿಂದ ಆಟೋದ ಗಾಜು ಒರೆಸುತ್ತ ನಿಂತ. ಶಾಂತಲಾ ಚೀಲದಿಂದ ಪಂಚೆ ಬನೀನುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿ ಇಟ್ಟಳು.

ಮಲ್ಲಾಜಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ನಾಳೆ ಬೆಳಗ್ಗೆ ಬಚ್ಚಲಿದೆ. ನಾಡಿದ್ದೂ ಇದೆ. ಅವನು ಎಲ್ಲಿ ಕುಸಿದರೂ ಅವಳು ಆ ಕೈ ಎತ್ತಬೇಕು, ಅವನು ಆ ಮಾತು ಹೇಳಬೇಕು. ಮನೆಯಲ್ಲಿಟ್ಟುಕೊಳ್ಳಬೇಕಾದರೆ ಅವನನ್ನು ಪ್ರತಿ ಸಲವೂ ಸೋಲಿಸಬೇಕು. ಇನ್ನೆಷ್ಟು ವರ್ಷ ಅವಳ ತೊಡೆ ತಡೆದೀತು, ಅವನ ಮನಸ್ಸು ತಡೆದೀತು, ಯಾರಿಗೆ ಗೊತ್ತು. ಹೆಗಲ ಮೇಲಿನ ಮಣ್ಣನ್ನು ಕೊಡವಲು ಕೈ ಎತ್ತಿದವಳು ಕೊಡವದೆ ಇಳಿಸಿದಳು.

ಸ್ವಲ್ಪ ಹೊತ್ತಾದ ಮೇಲೆ ಎದ್ದು, ಮೂಲೆಯಲ್ಲಿದ್ದ ಕ್ಯಾನಿನ ಧೂಳು ಒರೆಸಿ, ನೀರು ತುಂಬಿ ತಂದಳು. ಮಣೆಯ ಮೇಲೆ ಕೂತು ಕ್ಯಾನನ್ನು ಎದೆಗೆ ಒತ್ತಿಕೊಂಡಳು. ಏಳಲು ಹೋದಾಗ ಮಣೆ ಕಿರುಗುಟ್ಟಿತು.

"ಇಮ್ಮಡಿ," ಅಂದ ನಂಜಯ್ಯ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅವಳು ಹಿಮ್ಮಡಿ ಊರಿದಳು.